ಎರೆಯುವವಳ ಮನೆಗೆ ಬಂದವರು

ಆಗ ನನಗೆ ಅರವತ್ತೆರಡು. ಈಗ್ಗೆ ಐದು ವರ್ಷದ ಹಿಂದಿನ ಮಾತು. ಇಷ್ಟು ದಿನ ಇದನ್ನು ತುಂಡು ತುಂಡಾಗಿ ಹೇಳಿದ್ದೇನೆ, ನನ್ನ ತಪ್ಪು ಬರುವ ಜಾಗದಲ್ಲಿ ಮಾತು ಬೇರೆ ಕಡೆ ತಿರುಗಿಸಿದ್ದೇನೆ. ಈ ಸಲ ತಿರುಗಿಸುವುದಿಲ್ಲ. ಮಗಳು ಬದುಕಿದ್ದಾಳೆ, ಚೆನ್ನಾಗಿದ್ದಾಳೆ, ಮೊಮ್ಮಗಳು ಅಂಗನವಾಡಿಗೆ ಹೋಗುತ್ತಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ನಮ್ಮೂರು ಪಾಂಡವಪುರಕ್ಕೆ ಹತ್ತಿರ. ಊರಲ್ಲಿ ನನ್ನನ್ನು ಎರೆಯುವವಳು ಅಂತಾರೆ. ಬಾಣಂತಿಗೆ, ಕೂಸಿಗೆ ನೀರು ಹಾಕುವುದು ನನ್ನ ಕೆಲಸ. ಅತ್ತೆಯಿಂದ ಕಲಿತದ್ದು. ಕಾಲು ಚಾಚಿ ಕೂತು ಕೂಸನ್ನು ಮೊಣಕಾಲಿಂದ ಕೆಳಗೆ ಮಲಗಿಸಿಕೊಂಡು ಎಣ್ಣೆ ನೀವಿ ನೀರು ಹಾಕಿದರೆ ಎಂಥ ಅಳುವ ಕೂಸೂ ನಿದ್ದೆ ಹೋಗುತ್ತದೆ. ಬಾಣಂತಿಯದು ಬೇರೆ. ಅವಳಿಗೆ ಬೆನ್ನು, ಸೊಂಟ, ಹೊಟ್ಟೆ ನೋಡಿ ಬಿಸಿಬಿಸಿ ನೀರು ಎತ್ತಿ ಹೊಡೆಯಬೇಕು. ಎಲ್ಲ ಬಾಣಂತಿಯರೂ ಮೊದಲ ತಂಬಿಗೆಗೆ ಕೂಗುತ್ತಾರೆ, ನನ್ನನ್ನೂ ನಮ್ಮತ್ತೆಯನ್ನೂ ಬೈಯುತ್ತಾರೆ. ನಾನು ನಗುತ್ತೇನೆ. ಕೂಗದೆ ಕೂತವಳನ್ನು ಗಟ್ಟಿ ಬಾಣಂತಿ ಅಂತ ಹೊಗಳುತ್ತೇವೆ. ನಮ್ಮ ಕೆಲಸದಲ್ಲಿ ಅದೊಂದು ದೊಡ್ಡ ಮಾತು.

ನನ್ನ ಮಗಳನ್ನು ಕೊಟ್ಟಿದ್ದು ಕೆ.ಆರ್. ಪೇಟೆಗೆ. ಅಳಿಯನಿಗೆ ಟ್ರಾಕ್ಟರ್ ರಿಪೇರಿ ಅಂಗಡಿ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸುರು. ಏಳನೆಯ ತಿಂಗಳಲ್ಲಿ ಕರೆದುಕೊಂಡು ಬಂದೆವು, ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಊರವರೆಲ್ಲ ಬಂದು ನೋಡಿ, ಎರೆಯುವವಳ ಮಗಳ ಬಾಣಂತನ ಹೇಗೆ ನಡೆಯುತ್ತದೋ ನೋಡೋಣ ಅಂತ ತಮಾಷೆ ಮಾಡಿದರು. ತಮಾಷೆಯಾದರೂ ನನಗೆ ಅದು ತಲೆಗೆ ಹತ್ತಿತು. ಯಾರ ಮನೆಯಲ್ಲೂ ಮಾಡದಷ್ಟು ಕಟ್ಟುನಿಟ್ಟು ಮಾಡಿದೆ. ಒಳಕೋಣೆಯ ಕಿಟಕಿ ಮುಚ್ಚಿಸಿದೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ದಿನಕ್ಕೆ ಎರಡು ಹೊತ್ತು ಸಾಂಬ್ರಾಣಿ. ಕುಡಿಯುವ ನೀರು ಲೆಕ್ಕದಷ್ಟೇ.

ಹದಿನೈದು ದಿನ ಆದ ಮೇಲೆ ಮಗಳು ಮಲಗುವುದು ಬಿಟ್ಟಳು. ಕೂಸು ಮಲಗಿದರೂ ಇವಳು ಕೂತಿರುತ್ತಿದ್ದಳು. ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಆಮೇಲೆ ಅದೂ ನಿಂತಿತು. ಎತ್ತಿ ಕೊಟ್ಟರೆ ಹಾಲು ಕೊಡುತ್ತಿದ್ದಳು, ಇಲ್ಲದಿದ್ದರೆ ಗೋಡೆ ನೋಡುತ್ತಿದ್ದಳು. ಊಟ ಮುಂದಿಟ್ಟರೆ ತಣ್ಣಗಾಗುವ ತನಕ ಹಾಗೇ ಇರುತ್ತಿತ್ತು. ನಾನು ಇದನ್ನು ದಿಮಾಕು ಅಂದುಕೊಂಡೆ. ಹೆಣ್ಣು ಹುಟ್ಟಿತೆಂದು ಮುನಿಸಿಕೊಂಡಿದ್ದಾಳೆ ಅಂದುಕೊಂಡೆ. ಒಂದು ದಿನ ಕೂಸು ಅತ್ತು ಅತ್ತು ಕೆಂಪಾದರೂ ಕೈ ಚಾಚಲಿಲ್ಲ. ಅವತ್ತು ನಾನು ಅವಳ ಕೆನ್ನೆಗೆ ಹೊಡೆದೆ. ಹಾಲು ಕುಡಿಸಲಾರದವಳು ಯಾಕೆ ಹೆತ್ತೆ ಅಂದೆ. ಬಾಣಂತಿಯ ಮೇಲೆ ಕೈ ಮಾಡಿದ ಅತ್ತೆಯರನ್ನು ಅವರ ಮನೆಯಲ್ಲೇ ನಿಂತು ಬೈದಿದ್ದೇನೆ ನಾನು.

ಬಚ್ಚಲಲ್ಲಿ ಅವಳು ಕೂಗುತ್ತಿರಲಿಲ್ಲ. ನಾನು ಹಂಡೆಯಿಂದ ನೀರು ಎತ್ತಿ ಹೊಡೆದರೆ ಕಲ್ಲಿನಂತೆ ಕೂತಿರುತ್ತಿದ್ದಳು. ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಇದನ್ನು ಹೆಂಗಸರಿಗೆ ಹೇಳಿಕೊಂಡು ಮೆರೆದೆ. ನನ್ನ ಮಗಳಂಥ ಗಟ್ಟಿ ಬಾಣಂತಿಯನ್ನು ನಾನೇ ನೋಡಿಲ್ಲ ಅಂದೆ. ಅವರು ಹೌದೌದು ಅಂದರು. ಮಾರನೆಯ ದಿನ ಇನ್ನೂ ಬಿಸಿ ಮಾಡಿದೆ.

ಬಾಣಂತಿ ಕೋಣೆಯಿಂದ ಆಚೆ ಬರದಿದ್ದರೆ ನಮ್ಮ ಕಡೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಬರಬಾರದು ಅನ್ನುವುದೇ ಪದ್ಧತಿ. ಮಾತಾಡದಿದ್ದರೆ ದಣಿವು ಅಂತಾರೆ. ಈ ಪದ್ಧತಿ ನನಗೆ ಒಳ್ಳೆಯ ಹೊದಿಕೆಯಾಯಿತು. ನೋಡಲು ಬಂದವರಿಗೆ ದೃಷ್ಟಿಯಾಗುತ್ತದೆ ಅಂದೆ, ಬಾಗಿಲಲ್ಲೇ ಕೂರಿಸಿ ಕೂಸನ್ನು ಮಾತ್ರ ತಂದು ತೋರಿಸಿದೆ. ಅಳಿಯ ದಿನಾ ಫೋನು ಮಾಡುತ್ತಿದ್ದ. ದಿನಾ ಮಲಗಿದ್ದಾಳೆ ಅಂದೆ. ಬರುತ್ತೇನೆ ಅಂದಾಗ ನಲವತ್ತು ದಿನ ಕಳೆಯಲಿ ಅಂದೆ. ನನ್ನ ಯಜಮಾನರಿಗೆ ಗೊತ್ತಾಯಿತು. ಅವರು ಮಾತು ಕಡಿಮೆ, ದನ ನೋಡಿಕೊಂಡು ಇರುವವರು. ದೇವಲಾಪುರದ ಕಡೆ ಒಬ್ಬರು ತಾಯತ ಕಟ್ಟುತ್ತಾರೆ ಅಂತ ಕೇಳಿ ಹೋಗಿ ತಂದರು. ಕಟ್ಟಿದೆವು. ಮಗಳು ಕೈ ಚಾಚಿ ಕಟ್ಟಿಸಿಕೊಂಡಳು, ಯಾಕೆ ಅಂತಲೂ ಕೇಳಲಿಲ್ಲ.

ಮೂವತ್ತೈದನೆಯ ದಿನ ಇರಬೇಕು. ಬೆಳಗ್ಗೆ ಹತ್ತು ಗಂಟೆ. ನಾನು ಹಿತ್ತಿಲಲ್ಲಿ ಕೂಸಿನ ಬಟ್ಟೆ ಒಗೆದು ಹಾಕಿ ಒಳಗೆ ಬಂದರೆ ಕೋಣೆಯಲ್ಲಿ ಮಗಳಿಲ್ಲ. ಕೂಸು ಮಲಗಿತ್ತು. ಅಷ್ಟು ದಿನ ಮುಟ್ಟದ ಕೂಸಿಗೆ ಹೊಸ ಬಟ್ಟೆ ತೊಡಿಸಿದ್ದಳು, ಕಾಡಿಗೆ ಇಟ್ಟಿದ್ದಳು, ಎರಡೂ ಕಡೆ ದಿಂಬು ಒತ್ತಿಟ್ಟಿದ್ದಳು. ಹೀಗೆ ಅಚ್ಚುಕಟ್ಟು ಮಾಡಿದ್ದು ಇರುವುದಕ್ಕಲ್ಲ ಅಂತ ಅನ್ನಿಸಿ ಹುಡುಕಿಕೊಂಡು ಓಡಿದೆ.

ನಾಲೆಯ ಏರಿಯ ಮೇಲೆ ಸಿಕ್ಕಳು. ಕೂತಿದ್ದಳು. ತಲೆಯ ಬಟ್ಟೆ ಹಾಗೇ ಇತ್ತು. ನಾನು ಮಗಳೇ ಅಂತ ತಬ್ಬಿಕೊಳ್ಳಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ, ಯಾರಾದರೂ ನೋಡಿದರಾ ಅಂತ ಹಿಂದೆ ಮುಂದೆ ನೋಡಿದೆ. ನನ್ನ ಮೊದಲ ಯೋಚನೆ ಅದೇ. ಅವಳು ಆಗ ಒಂದು ಮಾತು ಹೇಳಿದಳು.

"ನಾನಿಲ್ದಿದ್ರೆ ಮಗೀಗೆ ಒಳ್ಳೇದು ಕಣವ್ವ. ನೀನು ಚೆನ್ನಾಗಿ ನೋಡ್ಕತೀಯ."

ನಾನು ಬಾಯಿ ಮುಚ್ಚು ಅಂದೆ. ಎದುರಿಗೆ ಬಂದ ಒಬ್ಬಳಿಗೆ, ಹೊಟ್ಟೆ ಕೆಟ್ಟಿತ್ತು ಹೊರಕಡೆಗೆ ಬಂದಿದ್ದಳು ಅಂತ ಹೇಳಿದೆ.

ದೇವರು ಅನ್ನಲೋ ಏನನ್ನಲೋ, ಮನೆಗೆ ಬಂದರೆ ಕೂಸಿನ ತೂಕ ನೋಡಲು ಆಶಾ ಕಾರ್ಯಕರ್ತೆ ಹುಡುಗಿ ಬಂದು ಕೂತಿದ್ದಳು. ಹುಡುಗಿ ಅಂದರೆ ಮೂವತ್ತೈದರವಳು, ಅವಳ ಎರಡು ಬಾಣಂತನಕ್ಕೂ ನಾನೇ ನೀರು ಹಾಕಿದ್ದು. ಮಗಳನ್ನು ನೋಡಿದಳು, ಪಾದದ ಮಣ್ಣು ನೋಡಿದಳು, ನನ್ನ ಮುಖ ನೋಡಿದಳು. ಹೊಟ್ಟೆನೋವು ಅಂತ ಶುರು ಮಾಡಿದೆ. ಅವಳು ಕೈ ಎತ್ತಿ ನಿಲ್ಲಿಸಿದಳು. ಮಗಳ ಪಕ್ಕ ಕೂತು ಮೆಲ್ಲಗೆ ಏನೋ ಕೇಳಿದಳು, ಮಗಳು ತಲೆ ಆಡಿಸಿದಳು. ಆಮೇಲೆ ಎದ್ದು ಬಂದು, ಜಿಲ್ಲೆಯಿಂದ ಮನಸ್ಸಿನ ಆಸ್ಪತ್ರೆಯವರಿದ್ದಾರೆ, ಇಂಥ ಹೊತ್ತಿಗೆ ಅಂತಲೇ ಇರುವವರು, ಫೋನು ಮಾಡುತ್ತೇನೆ ಅಂದಳು. ನಾನು ಬೇಡ ಅಂದೆ. ಅವಳು ಮಾಡಿಯೇಬಿಟ್ಟಳು.

ಫೋನಿನಲ್ಲಿ ಒಂದು ಹೆಂಗಸಿನ ದನಿ. ತಾಯಿಗೆ ಕೊಡಿ ಅಂದಳಂತೆ. ನನ್ನ ಕೈಗೆ ಬಂತು. ಅವಸರ ಇಲ್ಲದೆ ಒಂದೊಂದೇ ಕೇಳಿದಳು. ಈಗ ಮಗಳ ಹತ್ತಿರ ಯಾರಿದ್ದಾರೆ. ಕೂಸು ಯಾರ ಕೈಯಲ್ಲಿದೆ. ಎಷ್ಟು ದಿನದಿಂದ ನಿದ್ದೆ ಇಲ್ಲ. ಮನೆಯಲ್ಲಿ ಗದ್ದೆಗೆ ಹೊಡೆಯುವ ಔಷಧಿ ಇದೆಯಾ. ಸಾಯುವ ಮಾತು ಆಡಿದ್ದಾಳಾ. ಅದನ್ನು ಹಾಗೆ ಬಿಚ್ಚಿ ಕೇಳಿದ್ದು ನನಗೆ ಹೊಡೆದಂತಾಯಿತು. ಬಾಣಂತಿ ಇರುವ ಮನೆಯಲ್ಲಿ ಅಂಥ ಪದ ಆಡುವುದೇ ಇಲ್ಲ ನಾವು.

"ಅಂತದ್ದೇನಿಲ್ಲ ಕಣವ್ವ," ಅಂದೆ. "ಒಸಿ ಊಟ ಸೇರಾಕಿಲ್ಲ, ಅಷ್ಟೆಯ."

ನಾಲೆಯ ಏರಿಯಿಂದ ಮಗಳನ್ನು ಎಳೆದು ತಂದು ಅರ್ಧ ಗಂಟೆ ಆಗಿರಲಿಲ್ಲ. ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟೇ ಇರಲಿಲ್ಲ. ಹೀಗೇ ಹೇಳುತ್ತಾಳೆ ಅಂತ ಗೊತ್ತಿದ್ದವಳ ಹಾಗೆ ನೋಡಿದಳು.

ಆಶಾ ಹುಡುಗಿ ಫೋನು ಕಿತ್ತುಕೊಂಡು ಜಗುಲಿಗೆ ಹೋಗಿ ಎಲ್ಲ ಹೇಳಿದಳು. ಒಳಗೆ ಬಂದು, ಅವರು ಈಗಲೇ ಹೊರಡುತ್ತಾರೆ, ಅವರು ಬರುವ ತನಕ ಮಗಳನ್ನು ಒಬ್ಬಳನ್ನೇ ಬಿಡಬಾರದು, ಔಷಧಿ ಡಬ್ಬಗಳನ್ನು ಮನೆಯಿಂದ ಆಚೆ ಸಾಗಿಸಬೇಕಂತೆ ಅಂದಳು. ನನ್ನ ಯಜಮಾನರು ಅಟ್ಟದ ಮೇಲಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಪಂಪ್‌ಸೆಟ್ಟಿನ ಕೋಣೆಗೆ ಹೋಗಿ ಬೀಗ ಹಾಕಿ ಬಂದರು. ನಾನು ಆಗ ಏನು ಮಾಡುತ್ತಿದ್ದೆ? ಅವರ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಯೋಚಿಸುತ್ತಿದ್ದೆ. ಬಿಳಿ ವ್ಯಾನು ಬರುತ್ತದೆ, ಅದರ ಮೇಲೆ ಹುಚ್ಚಾಸ್ಪತ್ರೆ ಅಂತ ಬರೆದಿರುತ್ತದೆ, ನಾಲ್ಕು ಜನ ಇಳಿದು ಕೈ ಹಿಡಿದು ಸೂಜಿ ಚುಚ್ಚಿ ಎತ್ತಿ ಹಾಕಿಕೊಂಡು ಹೋಗುತ್ತಾರೆ ಅಂತ ನನ್ನ ಲೆಕ್ಕ. ಪಕ್ಕದ ಮನೆಯವಳು ಬೇಲಿ ಹತ್ತಿರ ಬಂದು, ಏನು ಓಡಾಟ ಅಂತ ಕೇಳಿದಳು. ನಮ್ಮ ಸೀಮೆಹಸು ಮೇವು ಬಿಟ್ಟಿದೆ, ದನದ ಡಾಕ್ಟರು ಬರುತ್ತಾರೆ ಅಂದೆ. ಕೋಣೆಯ ಬಾಗಿಲು ತೆರೆದೇ ಇತ್ತು.

ವ್ಯಾನು ಬರಲಿಲ್ಲ. ಒಂದು ಹಳೇ ಕಾರು ಬಂತು. ಇಬ್ಬರೇ ಇಳಿದರು. ಒಬ್ಬ ಚಪ್ಪಲಿ ಹಾಕಿದ ಹುಡುಗ ಡಾಕ್ಟರು, ಒಬ್ಬಳು ದಪ್ಪ ಕನ್ನಡಕದ, ಐವತ್ತರ ಹತ್ತಿರದ ಹೆಂಗಸು, ಫೋನಿನಲ್ಲಿ ಮಾತಾಡಿದವಳು. ಬಿಳಿ ಕೋಟಿಲ್ಲ, ಹಗ್ಗ ಇಲ್ಲ. ಅವರು ಜಗುಲಿ ಹತ್ತುವ ಹೊತ್ತಿಗೆ ಪಕ್ಕದ ಮನೆಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇಬಿಟ್ಟಳು.

"ಸಾ, ಇವ್ರ ಅಸ ನೋಡುದ್‌ಮ್ಯಾಕೆ ನಮ್ ಎಮ್ಮೆನೂ ಒಸಿ ನೋಡ್ಬುಡಿ. ಕೆಚ್ಲು ಕಲ್ಲಾಗ್ಬುಟ್ಟದೆ, ಕರೂನೂ ಮೂಸಾಕಿಲ್ಲ."

ಡಾಕ್ಟರು ಅವಳನ್ನು ನೋಡಿದ, ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಕನ್ನಡಕದ ಹೆಂಗಸಿಗೆ ಅರ್ಥವಾಯಿತು. ನನ್ನ ಸುಳ್ಳನ್ನು ಅವಳು ಬಯಲಿಗೂ ಎಳೆಯಲಿಲ್ಲ, ತಾನೂ ಹೌದೆನ್ನಲಿಲ್ಲ.

"ನಮಗೆ ಎಮ್ಮೆ ನೋಡಾಕೆ ಬರಾಕಿಲ್ಲ ಕಣಕ್ಕ," ಅಂದಳು. "ದನದ ಆಸ್ಪತ್ರೆಗೆ ಫೋನ್ ಮಾಡು, ಬತ್ತಾರೆ."

"ಮತ್ತೆ ಅಸ ಎಂಗ್ ನೋಡೀರಿ?"

ಪಕ್ಕದ ಮನೆಯವಳು ಸ್ವಲ್ಪ ಹೊತ್ತು ನಿಂತಿದ್ದು ಹೋದಳು.

ಅವರು ಮೊದಲು ಕೇಳಿದ್ದು ನನ್ನನ್ನಲ್ಲ, ಮಗಳನ್ನು. ನಾವು ಇಂಥವರು, ಇಂಥದ್ದಕ್ಕೆ ಬಂದಿದ್ದೇವೆ, ನಿನ್ನನ್ನು ಬಲವಂತವಾಗಿ ಎಲ್ಲಿಗೂ ಎಳೆದೊಯ್ಯಲು ಬಂದಿಲ್ಲ, ಒಳಗೆ ಬರಬಹುದಾ ಅಂತ ಬಾಗಿಲಲ್ಲೇ ನಿಂತು ಕೇಳಿದರು. ಮಗಳು ಹೂಂ ಅಂದ ಮೇಲೆ ನೆಲದ ಮೇಲೆ ಕೂತರು. ಏನಾಗುತ್ತಿದೆ ಅಂತ ಕೇಳಿದಾಗ ನಾನು ಉತ್ತರ ಕೊಟ್ಟೆ. ನಿದ್ದೆ ಅಂದರೂ ನಾನು, ಊಟ ಅಂದರೂ ನಾನು. ಡಾಕ್ಟರು ಬರೆಯುವುದು ನಿಲ್ಲಿಸಿ ಪೆನ್ನು ಕೆಳಗಿಟ್ಟ. ಕನ್ನಡಕದವಳು, ಅವ್ವ, ನೀವು ಸ್ವಲ್ಪ ಹೊತ್ತು ಆಚೆ ಇರಿ, ಮಗಳ ಹತ್ತಿರ ನಾವೇ ಮಾತಾಡುತ್ತೇವೆ ಅಂದಳು. ಬಾಣಂತಿ ಕೋಣೆಯಿಂದ ನನ್ನನ್ನು ಆಚೆ ಕಳಿಸಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ. ಎಲ್ಲರನ್ನೂ ಆಚೆ ಕಳಿಸುವವಳು ನಾನು. ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ಕೂಸು ಆಶಾ ಹುಡುಗಿಯ ತೊಡೆಯ ಮೇಲಿತ್ತು.

ಮುಕ್ಕಾಲು ಗಂಟೆಯ ಮೇಲಾಯಿತು. ಕರೆದರು. ಮಗಳ ಕುಪ್ಪಸ ಒಂದು ಕಡೆ ಇಳಿಸಿದ್ದರು. ಹೆಗಲ ಹಿಂದೆ ಅಂಗೈಯಗಲ ಕೆಂಪಾಗಿ ಸಿಪ್ಪೆ ಎದ್ದಿತ್ತು. ಡಾಕ್ಟರು ಅದಕ್ಕೆ ಮುಲಾಮು ಹಚ್ಚುತ್ತಿದ್ದ. ನಾನು ದಿನಾ ಅದೇ ಬೆನ್ನಿಗೆ ಎಣ್ಣೆ ನೀವಿದ್ದೇನೆ. ಕೆಂಪಗಿರುವುದು ನನಗೂ ಕಂಡಿತ್ತು. ರಕ್ತ ಓಡುತ್ತಿದೆ, ಒಳ್ಳೆಯದೇ ಅಂದುಕೊಂಡಿದ್ದೆ.

ಮಗಳಿಗೆ ನಿಮ್ಮ ಹತ್ತಿರ ಒಂದು ಮಾತು ಹೇಳಬೇಕಂತೆ, ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ ಅಂದಳು ಕನ್ನಡಕದವಳು.

ಮಗಳು ನನ್ನ ಕಡೆ ನೋಡದೆ ಹೇಳಿದಳು. "ನೀರು ಸುಡ್ತಿತ್ತು ಕಣವ್ವ. ನಂಗೆ ಗೊತ್ತಾಯ್ತಿತ್ತು. ಸುಡ್ಲಿ ಬುಡು ಅಂತ ಕೂತಿದ್ದೆ. ನೀನು ಅದ್ನೇ ಎಲ್ರ ತಾವೂ ಏಳ್ಕಂಡು ಮೆರೀತಿದ್ದೆ."

ಆಮೇಲೆ, "ಇವತ್ತು ದನುದ್ ಡಾಕ್ಟ್ರು ಅಂದೆ. ಅದೂ ಕೇಳುಸ್ಕಂಡೆ," ಅಂದಳು.

ನನ್ನನ್ನು ಯಾರೋ ಬಟ್ಟೆ ಇಲ್ಲದೆ ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು. ನಲವತ್ತು ವರ್ಷ ಬಾಣಂತಿಯರ ಮೈ ಮುಟ್ಟಿದ್ದೇನೆ. ಮೈ ಮುಟ್ಟಿದರೆ ಎಲ್ಲ ಗೊತ್ತಾಗುತ್ತದೆ ಅಂತ ಹೇಳಿಕೊಂಡು ಓಡಾಡಿದವಳು. ನನಗೆ ಏನೂ ಗೊತ್ತಾಗಿರಲಿಲ್ಲ.

ಡಾಕ್ಟರು ನಿಧಾನಕ್ಕೆ ಹೇಳಿದ. ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಕಾಯಿಲೆ ಇದು, ದಿಮಾಕೂ ಅಲ್ಲ, ಗಾಳಿಯೂ ಅಲ್ಲ, ಮದ್ದಿದೆ. ಹಾಲು ಕುಡಿಯುವ ಕೂಸಿಗೆ ಹೊಂದುವಂಥ ಮಾತ್ರೆ ನೋಡಿ ಕೊಡುತ್ತೇವೆ. ಸಾಯುವ ಯೋಚನೆ ಬಂದಿದೆಯಾ ಅಂತ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳಿದರೆ ಅವಳಿಗೆ ಹಗುರಾಗುತ್ತದೆ. ಹದಿನೈದು ದಿನವಾದರೂ ಆಸ್ಪತ್ರೆಯಲ್ಲಿರುವುದು ಒಳ್ಳೆಯದು, ಕೂಸು ಪಕ್ಕದಲ್ಲೇ ಇರುತ್ತದೆ. ಈಗಲೇ ಹೊರಡಬಹುದು. ಮಗಳನ್ನು ಕೇಳಿದ. ಮಗಳು, ಬರುತ್ತೇನೆ, ಆದರೆ ನಮ್ಮೆಜಮಾನರಿಗೆ ಗೊತ್ತಾಗದೆ ಬರುವುದಿಲ್ಲ ಅಂದಳು. ಅವರು ಬರಬೇಕು ಅಂದಳು.

ಅಲ್ಲಿ ನಾನು ಮತ್ತೆ ಅಡ್ಡ ಬಂದೆ. ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ಬಂದೆ. ಅಳಿಯನಿಗೆ ಹೇಳಬೇಡಿ ಅಂದೆ. ಬೀಗರಿಗೆ ತಿಳಿದರೆ ಹುಚ್ಚಿಯನ್ನು ಕಟ್ಟಿದರು ಅಂತ ಮಗಳನ್ನು ಇಲ್ಲೇ ಬಿಡುತ್ತಾರೆ, ನೀವು ಮಾತ್ರೆ ಕೊಟ್ಟು ಹೋಗಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ ಅಂದೆ.

ಕನ್ನಡಕದವಳು ತನ್ನ ಊರು ನಾಗಮಂಗಲದ ಕಡೆ ಅಂದಳು. ಬೀಗರು ಏನಂದಾರು ಅನ್ನುವ ಭಯ ಅವಳಿಗೂ ಗೊತ್ತಂತೆ. ಆಮೇಲೆ ನನ್ನ ಕಡೆಗೆ ಸರಿದು ಕೂತು ಹೇಳಿದಳು.

"ಅವ್ರು ಬುಟ್ರೆ ನಿಮ್ ಮಗ್ಳು ನಿಮ್ ಮನೇಲಿರ್ತಾಳೆ. ನೀವು ಮುಚ್ಚಿಟ್ರೆ ಎಲ್ಲೂ ಇರಾಕಿಲ್ಲ. ಬೆಳಗ್ಗೆ ಎಲ್ಲಿ ಸಿಕ್ಕುದ್ಲು ಅನ್ನೋದು ಮರ್ತ್‌ಬುಟ್ರಾ?"

ಫೋನಿನಲ್ಲಿ ಅಳಿಯನಿಗೆ ಅವರೇ ಹೇಳಬಹುದಿತ್ತು. ಮಗಳು ಬೇಡ ಅಂದಳು. ನಮ್ಮವ್ವನೇ ಹೇಳಲಿ, ಇಷ್ಟು ದಿನ ಸುಳ್ಳು ಹೇಳಿದವಳು ಅವಳೇ ಅಂದಳು. ಅದರಲ್ಲಿ ಕೊಂಕು ಇರಲಿಲ್ಲ. ಲೆಕ್ಕ ಒಪ್ಪಿಸಿದಂತೆ ಹೇಳಿದಳು.

ಆಮೇಲೆ ಎಲ್ಲರೂ ಕೂತು ಮಾರನೆಯ ದಿನದ ತನಕ ಏನು ಅಂತ ಗೊತ್ತು ಮಾಡಿದರು. ಡಾಕ್ಟರು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ, ನಾನು ಓದುವ ಹಾಗೆ. ಮಗಳು ಒಂದು ಗಳಿಗೆಯೂ ಒಬ್ಬಳೇ ಇರಬಾರದು. ಕೂಸನ್ನು ಬೇರೆಯವರು ನೋಡಿಕೊಳ್ಳಬೇಕು, ಅವಳು ಮಲಗಬೇಕು. ಕಿಟಕಿ ತೆಗೆಯಬೇಕು, ಬೇಕಾದಷ್ಟು ನೀರು ಕೊಡಬೇಕು. ಮಾತ್ರೆ ನಾನು ಇಟ್ಟುಕೊಳ್ಳಬೇಕು, ಅವಳ ಕೈಗೆ ಮಾತ್ರೆಯ ಪಟ್ಟಿ ಪೂರ್ತಿ ಕೊಡಬಾರದು. ಮತ್ತೆ ಸಾಯಬೇಕು ಅನ್ನಿಸಿದರೆ ಯಾರನ್ನು ಕೂಗುತ್ತೀಯ ಅಂತ ಮಗಳನ್ನೇ ಕೇಳಿದ. ಅವಳು ನನ್ನ ಹೆಸರು ಹೇಳಲಿಲ್ಲ, ಆಶಾ ಹುಡುಗಿಯದು ಹೇಳಿದಳು. ಆ ಹುಡುಗಿ ತನ್ನ ಮನೆಗೆ ಹೇಳಿ ಕಳಿಸಿ ಅಲ್ಲೇ ಉಳಿದಳು. ಸಂಜೆ ಅವರು ಫೋನು ಮಾಡುತ್ತಾರೆ, ನಾಳೆ ಹನ್ನೊಂದಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಕಾರು ಬರುತ್ತದೆ, ಅದಕ್ಕೆ ಮುಂಚೆ ಏನಾದರೂ ಹೆಚ್ಚಾದರೆ ಬೆಳಗಾಗಲಿ ಅಂತ ಕಾಯದೆ ನಂಬರಿಗೆ ಮಾಡಬೇಕು, ಇಲ್ಲವೇ ನೇರ ಆಸ್ಪತ್ರೆಗೆ. ಹಾಳೆಯ ಕೆಳಗೆ ನನ್ನ ಕೈಯಲ್ಲಿ ರುಜು ಹಾಕಿಸಿದರು. ನಾಲ್ಕಕ್ಷರಕ್ಕೆ ನಾಲ್ಕು ಸಲ ಪೆನ್ನು ಎತ್ತಿದೆ.

ಸಂಜೆ ಹೇಳಿದ ಹೊತ್ತಿಗೆ ಫೋನು ಬಂತು. ಬರುವುದಿಲ್ಲ ಅಂದುಕೊಂಡಿದ್ದೆ. ಈ ಸಲ ಕೇಳಿದ್ದಕ್ಕೆಲ್ಲ ಇದ್ದದ್ದನ್ನೇ ಹೇಳಿದೆ. ಕಷ್ಟವಾಯಿತು. ಸುಳ್ಳು ಎಷ್ಟು ಸಲೀಸಾಗಿ ಬಂದಿತ್ತು ಅಂತ ಆಗ ಗೊತ್ತಾಯಿತು.

ಬೆಳಗ್ಗೆ ಎದ್ದು ಮುಖ ತೊಳೆದು, ಮಗಳು ಮಲಗಿದ್ದನ್ನು ನೋಡಿ, ಪಕ್ಕದಲ್ಲಿದ್ದ ಆಶಾ ಹುಡುಗಿಯ ಕೈಗೆ ಮಾತ್ರೆ ಕೊಟ್ಟು, ಮೊದಲ ಬಸ್ಸಿಗೆ ಕೆ.ಆರ್. ಪೇಟೆಗೆ ಹೋದೆ. ಫೋನಿನಲ್ಲಿ ಹೇಳಿದರೆ ನಡುವೆ ಎಲ್ಲಾದರೂ ಸುಳ್ಳು ಸೇರಿಸುತ್ತೇನೆ ಅಂತ ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಬೀಗಿತಿ ಬಾಗಿಲಿಗೆ ನೀರು ಹಾಕುತ್ತಿದ್ದಳು.

"ಏನವ್ವ, ಒತ್ತಾರೇನೆ ಬಂದ್ಬುಟ್ಟೆ? ಎದ್ಲಾ ನಿನ್ ಮಗ್ಳು? ನಮ್ಮುಡುಗ ಯಾವಾಗ ಫೋನ್ ಮಾಡುದ್ರೂ ಮಲಗವ್ಳೆ ಅಂತೀಯ. ಕುಂಬಕರ್ಣನ್ ತಂಗೀನೇ ತಂದ್ವೇನೋ ಅಂದ್ಕಂಡಿದ್ವಿ."

ಕೂರು ಅಂದಳು, ಕಾಫಿ ಅಂದಳು. ಕೂತರೆ ಹೇಳಲಾರೆ ಅಂತ ನಿಂತೇ ಇದ್ದೆ. ಅಳಿಯ ಹಲ್ಲುಜ್ಜಿಕೊಂಡು ಆಚೆ ಬಂದ.

"ನಿಮ್ ಸೊಸೆ ಮಲಗಿರ್ನಿಲ್ಲ," ಅಂದೆ. "ಇಪ್ಪತ್ ದಿನದಿಂದ ನಿದ್ದೆ ಇಲ್ಲ ಅವ್ಳಿಗೆ. ಮನ್ಸು ಕೆಟ್ಟದೆ. ನೆನ್ನೆ ಸಾಯಾಕೆ ಓಗಿದ್ಲು. ಮುಚ್ಚಿಟ್ಟೋಳು ನಾನು. ಅವ್ಳದೇನೂ ತಪ್ಪಿಲ್ಲ."

ಬೀಗಿತಿ ಚೊಂಬು ಕೆಳಗಿಟ್ಟಳು. ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಮಗನ ಕಡೆ ತಿರುಗಿ, ನೋಡ್ತಾ ನಿಂತವ್ನೆ, ಅಂಗಿ ಹಾಕ್ಕೊಳ್ಳೋ ಅಂದಳು. ನನಗೆ ಮಾತ್ರ ಮತ್ತೆ ಕೂರು ಅನ್ನಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಅದು ಸರಿಯಾಗೇ ಇತ್ತು.

ಅಳಿಯ ಬೈಕು ತೆಗೆದ. ನಾನು ಅದುವರೆಗೂ ಬೈಕು ಹತ್ತಿದವಳಲ್ಲ. ಸೀರೆ ಎತ್ತಿ ಕಟ್ಟಿ ಅವನ ಹಿಂದೆ ಕೂತು, ಹನ್ನೊಂದರ ಒಳಗೆ ಮನೆ ಸೇರಬೇಕು ಅಂದೆ.